ಹೊಳೆಯುವ ಹೊಸ ಸತು ಸುಮ್ನೆ ಕೂತಿದೆ, ಮಾಸಿದ ಹಳೆ ಸತು ಕುದಿಯುತ್ತಿದೆ. ಯಾಕೆ?

ದುರ್ಗದ ವಿಜ್ಞಾನ ಟೀಚರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಚಿತ್ರದುರ್ಗ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಹತ್ತನೇ ತರಗತಿ ಮಕ್ಕಳಿಗೆ ಆಮ್ಲ ಮತ್ತು ಲೋಹದ ಕ್ರಿಯೆ ತೋರಿಸುವಾಗ ಒಂದು ಪ್ರಶ್ನೆ ಎದ್ದಿತು. ಉತ್ತರ ನನಗೆ ಗೊತ್ತಿರಲಿಲ್ಲ. "ನಾಳೆ ಹೇಳ್ತೀನಿ" ಅಂದು ಬಂದೆ. ಆಗಲೇ ನಾಲ್ಕು ದಿನ ಆಯಿತು. ಮಕ್ಕಳು ದಿನಾ ಕೇಳುತ್ತಿದ್ದಾರೆ.

ನಮ್ಮ ಬೀರುವಿನಲ್ಲಿ ಎರಡು ಥರದ ಸತುವಿನ ಚೂರುಗಳಿವೆ. ಒಂದು, ನನಗಿಂತ ಮುಂಚೆ ಇದ್ದ ಮೇಷ್ಟ್ರ ಕಾಲದ ತಗಡಿನ ಡಬ್ಬಿಯಲ್ಲಿದೆ. ಮಾಸಿ, ಒಲೆ ಬೂದಿಯ ಬಣ್ಣಕ್ಕೆ ತಿರುಗಿದೆ. ಇನ್ನೊಂದು ಈ ವರ್ಷ ಬಂದ ಬಾಟಲಿ. ಮೇಲೆ ತುಂಬಾ ಶುದ್ಧ ಅಂತ ಬರೆದಿದೆ. ಚೂರುಗಳು ಬೆಳ್ಳಿಯ ಹಾಗೆ ಹೊಳೆಯುತ್ತವೆ. ಎರಡರಲ್ಲೂ 2 ಗ್ರಾಂ ತೂಗಿ, ಎರಡು ಪ್ರಣಾಳಗಳಲ್ಲಿ ಹಾಕಿ, ಒಂದೇ ಬಾಟಲಿಯ ಸಾರರಿಕ್ತ (ನೀರು ಬೆರೆಸಿ ತೆಳುವಾಗಿಸಿದ) ಸಲ್ಫ್ಯೂರಿಕ್ ಆಮ್ಲ ಸುರಿದೆ. ಹೊಸದು ಜೋರಾಗಿ ಗುಳ್ಳೆ ಬಿಡುತ್ತದೆ ಅಂತ ಮೊದಲೇ ಹೇಳಿಬಿಟ್ಟಿದ್ದೆ.

ಆಗಿದ್ದು ತಿರುಗಾಮುರುಗಾ. ಮೂರನೇ ಸಾಲಿನ ಹುಡುಗಿ ಎದ್ದು ನಿಂತು, "ಮೇಡಂ, ಹೊಳೆಯೋದು ಸುಮ್ನೆ ಕೂತಿದೆ, ಮಾಸಿರೋದು ಕುದೀತಾ ಇದೆ" ಅಂದಳು. ನಿಜವಾಗಿಯೂ ಹಾಗೇ ಇತ್ತು. ಹಳೆಯದರ ಪ್ರಣಾಳದಲ್ಲಿ ನೊರೆ. ಹೊಸದರ ಮೇಲೆ ಅಲ್ಲೊಂದು ಇಲ್ಲೊಂದು ಗುಳ್ಳೆ ಅಂಟಿಕೊಂಡು ಕೂತಿತ್ತು, ಅಷ್ಟೇ. ಪ್ರಣಾಳ ಅದಲು ಬದಲು ಮಾಡಿ ಇನ್ನೊಮ್ಮೆ ಮಾಡಿದೆವು. ಮತ್ತೆ ಅದೇ.

ಆಮ್ಲದ ಸಾರತೆ (ಅದು ಎಷ್ಟು ಗಟ್ಟಿ), ತಾಪ, ಲೋಹದ ಮೇಲ್ಮೈ, ಲೋಹ ಯಾವುದು, ವೇಗವರ್ಧಕ ಇದೆಯೋ ಇಲ್ಲವೋ ಅಂತ ನಾವು ಪಾಠ ಮಾಡುತ್ತೇವೆ. ಇಲ್ಲಿ ಆಮ್ಲ ಒಂದೇ, ತಾಪ ಒಂದೇ, ಲೋಹವೂ ಒಂದೇ. ಹಾಗಾದರೆ ಏನು ಬದಲಾಯಿತು?

ಇದರ ಜೊತೆಗೇ ಇನ್ನೊಂದು. ಮೆಗ್ನೀಸಿಯಂ ಪಟ್ಟಿಯ 2 ಸೆಂ.ಮೀ. ತುಂಡುಗಳನ್ನು ಪ್ರಣಾಳದಲ್ಲಿ 5 ಮಿಲಿ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹಾಕಿ, ಪೂರ್ತಿ ಕರಗುವ ಸಮಯ ಬರೆದೆವು. 0.5 ಮೋಲಾರ್ (ಮೋಲಾರ್ ಅಂದರೆ ಸಾರತೆಯ ಅಳತೆ) ಆಮ್ಲದಲ್ಲಿ 185 ಸೆಕೆಂಡ್, 1 ಮೋಲಾರ್‌ನಲ್ಲಿ 58, 2 ಮೋಲಾರ್‌ನಲ್ಲಿ 18. ಸಾರತೆ ಎರಡು ಪಟ್ಟಾದರೆ ವೇಗವೂ ಎರಡು ಪಟ್ಟಾಗಬೇಕು ಅಲ್ವಾ? ನಮ್ಮಲ್ಲಿ ಮೂರು ಪಟ್ಟಿಗಿಂತ ಜಾಸ್ತಿ ಆಗುತ್ತಿದೆ.

ಮಕ್ಕಳು ಕಣ್ಣಾರೆ ನೋಡಿದ್ದಾರೆ. "ಪ್ರಯೋಗ ತಪ್ಪಾಯಿತು, ಪುಸ್ತಕದಲ್ಲಿ ಇರುವ ಹಾಗೆ ಬರೆದುಕೊಳ್ಳಿ" ಅಂತ ಹೇಳಲು ನನಗೆ ಮನಸ್ಸಿಲ್ಲ. ದಯವಿಟ್ಟು ಗೊತ್ತಿದ್ದವರು ತಿಳಿಸಿ.

ಪಿಯು ಹುಡುಗಿ, ಹಿರಿಯೂರು

ಟೀಚರ್, ನಾನು ಸೆಕೆಂಡ್ ಪಿಯು ಓದ್ತಿದ್ದೇನೆ. ನನಗೆ ಅನ್ನಿಸಿದ್ದು ಮೇಲ್ಮೈ. ತೂಕ ಒಂದೇ ಇದ್ದರೂ ಹಳೆ ಚೂರುಗಳು ಚಿಕ್ಕದಾಗಿ, ಒರಟಾಗಿ ಇರಬಹುದು. 1 ಸೆಂ.ಮೀ. ಘನಕ್ಕೆ 6 ಚದರ ಸೆಂ.ಮೀ. ಮೇಲ್ಮೈ. ಅದನ್ನೇ 1 ಮಿ.ಮೀ. ಘನಗಳಾಗಿ ಕತ್ತರಿಸಿದರೆ 1000 ತುಂಡು, ಮೇಲ್ಮೈ 60 ಚದರ ಸೆಂ.ಮೀ. ಹತ್ತು ಪಟ್ಟು! ಎರಡರ ಗಾತ್ರ ಒಂದೇ ಇತ್ತಾ?

ದುರ್ಗದ ವಿಜ್ಞಾನ ಟೀಚರ್

ಒಳ್ಳೆಯ ಪ್ರಶ್ನೆ ಕೇಳಿದೆ ಪುಟ್ಟಿ. ಗಾತ್ರ ಹೆಚ್ಚುಕಡಿಮೆ ಒಂದೇ, ಹುಣಸೆಬೀಜದಷ್ಟು. ಆದರೆ ಹಳೆಯದು ಒರಟಾಗಿತ್ತು, ಅದು ನಿಜ. ನಿನ್ನ ಮಾತು ಓದಿ, ಇವತ್ತು ಎರಡನ್ನೂ ಮರಳು ಕಾಗದದಲ್ಲಿ ಚೆನ್ನಾಗಿ ಉಜ್ಜಿ ಮತ್ತೆ ಹಾಕಿದೆ. ಈಗ ನೋಡಲು ಎರಡೂ ಒಂದೇ ಥರ. ಹೊಸದು ಸ್ವಲ್ಪ ಚುರುಕಾಯಿತು. ಆದರೂ ಹಳೆಯದಕ್ಕೆ ಹತ್ತಿರವೂ ಬರಲಿಲ್ಲ. ಬರೀ ಮೇಲ್ಮೈ ಎಷ್ಟು ಅನ್ನುವುದರಿಂದ ಇದು ಬಗೆಹರಿಯುವ ಹಾಗೆ ಕಾಣುವುದಿಲ್ಲ.

ಆಸಿಡ್ ಟ್ಯಾಂಕ್ ಕೆಲಸದವನು

ಮೇಡಂ, ನಮಸ್ಕಾರ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಹರಿಹರದ ಕಡೆ ಕಬ್ಬಿಣಕ್ಕೆ ಸತು ಹಾಕುವ ಗಾಲ್ವನೈಸಿಂಗ್ ಘಟಕದಲ್ಲಿ 11 ವರ್ಷದಿಂದ ಇದ್ದೇನೆ. ಸೂತ್ರ ನನಗೆ ಬರುವುದಿಲ್ಲ. ದಿನಾ ನೋಡಿದ್ದನ್ನು ಹೇಳುತ್ತೇನೆ.

ಕರಗಿದ ಸತು ಸುಮಾರು 450 ಡಿಗ್ರಿ ಬಿಸಿ ಇರುತ್ತದೆ. ಅದರಲ್ಲಿ ಕಬ್ಬಿಣ ಮುಳುಗಿಸುವ ಮೊದಲು ತುಕ್ಕು ಹೋಗಬೇಕು. ಅದಕ್ಕೇ ಹೈಡ್ರೋಕ್ಲೋರಿಕ್ ಆಸಿಡ್ ಟ್ಯಾಂಕ್. ಅದಕ್ಕೂ ಮುಂಚೆ ಬಿಸಿ ಕಾಸ್ಟಿಕ್ ನೀರಿನಲ್ಲಿ ಎಣ್ಣೆ ತೆಗೆಯುತ್ತೇವೆ. ಬೆರಳಿನಷ್ಟು ಅಗಲ ಗ್ರೀಸ್ ಉಳಿದರೆ ಆ ಜಾಗಕ್ಕೆ ಆಸಿಡ್ ತಾಗುವುದೇ ಇಲ್ಲ. ಎಷ್ಟು ಗಟ್ಟಿ ಆಸಿಡ್ ಇದ್ದರೂ ಅಷ್ಟೇ. ನಿಮ್ಮ ಮಕ್ಕಳು ಅಂಗಡಿಯ ಹೊಸ ಮೊಳೆ ತಂದರೆ ಮೊದಲು ಸೋಪಿನಲ್ಲಿ ತೊಳೆಸಿ. ಎಣ್ಣೆ ಹಚ್ಚಿರುತ್ತಾರೆ.

ಚಳಿಗಾಲದ ಬೆಳಗ್ಗೆ ಮಾಲು ಜಾಸ್ತಿ ಹೊತ್ತು ಟ್ಯಾಂಕಿನಲ್ಲಿ ಇರಬೇಕು. ಏಪ್ರಿಲ್‌ನಲ್ಲಿ ಅಷ್ಟೇ ಹೊತ್ತು ಬಿಟ್ಟರೆ ಆಸಿಡ್ ಕಬ್ಬಿಣವನ್ನೂ ತಿನ್ನುತ್ತದೆ. ಅದಕ್ಕೆ ಇನ್ಹಿಬಿಟರ್ ಅಂತ ಒಂದು ಹಾಕುತ್ತೇವೆ. ಅದು ಕಬ್ಬಿಣದ ಮೈಗೆ ತೆಳ್ಳಗೆ ಅಂಟಿಕೊಳ್ಳುತ್ತದೆ. ತುಕ್ಕು ಹೋಗುತ್ತದೆ, ಕಬ್ಬಿಣ ಉಳಿಯುತ್ತದೆ. ವೇಗ ಹೆಚ್ಚಿಸುವ ವಸ್ತು ಇರುವ ಹಾಗೆ ತಡೆಯುವ ವಸ್ತುವೂ ಇದೆ ಅಂತ ಮಕ್ಕಳಿಗೆ ಹೇಳಿ.

ಈಗ ನಿಮ್ಮ ಸತುವಿನ ವಿಷಯ. ಲೇಪ ಸರಿ ಬರದ ಮಾಲನ್ನು ಮತ್ತೆ ಆಸಿಡ್‌ಗೆ ಹಾಕಿ ಸತು ಕೀಳುತ್ತೇವೆ. ಆಗ ಟ್ಯಾಂಕ್ ಭೋರ್ ಅನ್ನುತ್ತದೆ. ಕಬ್ಬಿಣದ ಮೇಲಿರುವ ಸತು ಅಷ್ಟು ಜೋರಾಗಿ ಕರಗುತ್ತದೆ. ಸತು ಮುಗಿದ ಕೂಡಲೇ ಸದ್ದು ಅಡಗುತ್ತದೆ. ಗುಳ್ಳೆ ನಿಂತಿತು ಅಂದರೆ ಎತ್ತು ಅಂತ ಲೆಕ್ಕ. ಅದೇ ಆಸಿಡ್‌ಗೆ ಸತುವಿನ ಹೊಸ ಗಟ್ಟಿಯ ತುಂಡು ಬಿದ್ದಿದ್ದನ್ನು ನೋಡಿದ್ದೇನೆ. ಅದು ಅಷ್ಟು ಗಲಾಟೆ ಮಾಡುವುದಿಲ್ಲ. ಕಬ್ಬಿಣ ಪಕ್ಕದಲ್ಲಿ ಇದ್ದರೆ ಸತುವಿಗೆ ಏನೋ ಆಗುತ್ತದೆ ಅಂತ ಬಹಳ ದಿನದಿಂದ ಅನ್ನಿಸಿದೆ. ಯಾಕೆ ಅಂತ ಗೊತ್ತಿರುವವರು ಹೇಳಿದರೆ ನಾನೂ ಕಲಿಯುತ್ತೇನೆ.

ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು, ದಾವಣಗೆರೆ

ಮೇಡಂ, ನಿಮ್ಮ ಪ್ರಯೋಗ ಒಂದು ಚೂರೂ ತಪ್ಪಾಗಿಲ್ಲ. ಆ ಹುಡುಗಿ ನೋಡಿದ್ದು ಸರಿ. ಹರಿಹರದ ತಮ್ಮ, ನಿನ್ನ ಅನುಮಾನವೂ ಸರಿ. ನಿಮ್ಮಿಬ್ಬರಿಗೂ ಉತ್ತರ ಒಂದೇ.

1830ರಲ್ಲಿ ಜಿನೀವಾದ ಡಿ ಲಾ ರೀವ್ ಅನ್ನುವ ವಿಜ್ಞಾನಿ ಇದನ್ನೇ ಗಮನಿಸಿದರು. ಕಲಬೆರಕೆ ಇರುವ ಸತು ಸಲ್ಫ್ಯೂರಿಕ್ ಆಮ್ಲದಲ್ಲಿ ಬೇಗ ಕರಗುತ್ತದೆ, ಶುದ್ಧ ಸತು ನಿಧಾನವಾಗಿ ಕರಗುತ್ತದೆ.

ಸತು ಆಮ್ಲದಲ್ಲಿ ಕರಗುವಾಗ ನಡೆಯುವುದು ಎರಡು ಕೆಲಸ. ಮೊದಲನೆಯದು, ಸತುವಿನ ಪರಮಾಣು ಎರಡು ಎಲೆಕ್ಟ್ರಾನ್ ಬಿಟ್ಟು ಆಮ್ಲಕ್ಕೆ ಇಳಿಯುವುದು. ಎರಡನೆಯದು, ಆಮ್ಲದ ಹೈಡ್ರೋಜನ್ ಅಯಾನುಗಳು ಆ ಎಲೆಕ್ಟ್ರಾನ್ ಪಡೆದು, ಜೋಡಿಯಾಗಿ, ಗುಳ್ಳೆಯಾಗಿ ಏಳುವುದು. ಮೊದಲ ಕೆಲಸ ಸತುವಿಗೆ ಸಲೀಸು. ಎರಡನೆಯದು ಸತುವಿನ ಮೈ ಮೇಲೆ ಬಹಳ ಕಷ್ಟ. ಕಬ್ಬಿಣದ ಮೇಲೆ, ತಾಮ್ರದ ಮೇಲೆ ಅದಕ್ಕಿಂತ ಎಷ್ಟೋ ಸುಲಭ.

ಈ ಎರಡು ಕೆಲಸ ಒಂದೇ ಜಾಗದಲ್ಲಿ ಆಗಬೇಕಾಗಿಲ್ಲ. ಎಲೆಕ್ಟ್ರಾನ್ ಲೋಹದೊಳಗೆ ಓಡಾಡುತ್ತದೆ. ನಿಮ್ಮ ಹಳೆ ಸತುವಿನಲ್ಲಿ ಕಬ್ಬಿಣವೋ ಇನ್ನೊಂದೋ ಚುಕ್ಕೆ ಚುಕ್ಕೆಯಾಗಿ ಬೆರೆತಿರುತ್ತದೆ. ಸತು ಒಂದು ಕಡೆ ಕರಗುತ್ತದೆ, ಎಲೆಕ್ಟ್ರಾನ್ ಓಡಿ ಆ ಚುಕ್ಕೆಗೆ ಹೋಗುತ್ತದೆ, ಹೈಡ್ರೋಜನ್ ಅಲ್ಲಿ ಏಳುತ್ತದೆ. ಶುದ್ಧ ಸತುವಿನಲ್ಲಿ ಎಲೆಕ್ಟ್ರಾನ್‌ಗೆ ಹೊರಗೆ ಹೋಗಲು ಅಂಥ ಬಾಗಿಲು ಇಲ್ಲ. ತಮ್ಮಾ, ನಿನ್ನ ಮಾಲಿನಲ್ಲಿ ಆ ಬಾಗಿಲು ಕಬ್ಬಿಣ.

ಇದು ತಿಳಿದೇ ಹಿಂದೆ ಬ್ಯಾಟರಿ ಸೆಲ್‌ಗಳ ಸತುವಿಗೆ ಸ್ವಲ್ಪ ಪಾದರಸ ಸೇರಿಸುತ್ತಿದ್ದರು. ಪಾದರಸದ ಮೇಲೆ ಹೈಡ್ರೋಜನ್ ಏಳುವುದು ಇನ್ನೂ ಕಷ್ಟ. ಹಾಗಾಗಿ ಬಳಸದೆ ಇಟ್ಟ ಸೆಲ್‌ನಲ್ಲಿ ಸತು ತನ್ನಷ್ಟಕ್ಕೆ ಕರಗುತ್ತಿರಲಿಲ್ಲ.

ಒಂದು ಪ್ರಯೋಗ ಮಾಡಿ. ಹೊಸ ಸತುವನ್ನು ಆಮ್ಲದಲ್ಲಿ ಬಿಡಿ. ಬೇರೆಯಾಗಿ ಒಂದು ತಾಮ್ರದ ತಂತಿಯನ್ನು ಅದೇ ಆಮ್ಲಕ್ಕೆ ಇಳಿಸಿ. ಏನೂ ಆಗುವುದಿಲ್ಲ. ಈಗ ತಂತಿಯ ತುದಿಯನ್ನು ಸತುವಿಗೆ ಮುಟ್ಟಿಸಿ. ಗುಳ್ಳೆ ಎಲ್ಲಿಂದ ಬರುತ್ತದೆ ಅಂತ ಮಕ್ಕಳಿಗೆ ನೀವು ಮೊದಲೇ ಹೇಳಬೇಡಿ. ಅವರೇ ನೋಡಲಿ.

ಈಗ ಮೆಗ್ನೀಸಿಯಂ. 2 ಸೆಂ.ಮೀ. ಪಟ್ಟಿ ಸುಮಾರು 0.02 ಗ್ರಾಂ ಅಂತ ಇಟ್ಟುಕೊಳ್ಳೋಣ. 24.3 ಗ್ರಾಂ ಮೆಗ್ನೀಸಿಯಂ ಆಮ್ಲದಲ್ಲಿ ಕರಗಿದರೆ ಸುಮಾರು 467 ಕಿಲೋಜೌಲ್ ಶಾಖ ಬರುತ್ತದೆ. ಲೆಕ್ಕ ಹಾಕಿ ನೋಡಿ. ನಿಮ್ಮ 5 ಮಿಲಿ ಆಮ್ಲ ಸುಮಾರು 18 ಡಿಗ್ರಿ ಬಿಸಿಯಾಗಬಹುದು! ಬೇಗ ಕರಗಿದಷ್ಟೂ ಆ ಬಿಸಿಗೆ ಆರಲು ಸಮಯ ಇರುವುದಿಲ್ಲ. ಅಂದರೆ 2 ಮೋಲಾರ್ ಪ್ರಣಾಳಕ್ಕೆ ಸಾರತೆಯ ಜೊತೆ ತಾಪವೂ ಸಹಾಯ ಮಾಡಿದೆ. ಇತ್ತ 0.5 ಮೋಲಾರ್‌ನ 5 ಮಿಲಿಯಲ್ಲಿ ಇರುವುದೇ 0.0025 ಮೋಲ್ ಆಮ್ಲ. ಪಟ್ಟಿ ಕರಗಲು ಬೇಕಾಗುವುದು ಸುಮಾರು 0.00165. ಕೊನೆಗೆ ಮೂರರಲ್ಲಿ ಒಂದು ಪಾಲು ಆಮ್ಲ ಮಾತ್ರ ಉಳಿದಿರುತ್ತದೆ. ಕೊನೆಕೊನೆಗೆ ಅದು ಅರ್ಧ ಮೋಲಾರ್ ಆಮ್ಲವೇ ಅಲ್ಲ. ಒಂದು ಕಡೆ ಓಡಿಸಿದ್ದೀರಿ, ಇನ್ನೊಂದು ಕಡೆ ಎಳೆದಿದ್ದೀರಿ. ಅದಕ್ಕೇ ಅಂತರ ಹಿಗ್ಗಿದೆ.

ಪ್ರಣಾಳ ಬಿಡಿ, ಬೀಕರ್‌ನಲ್ಲಿ 50 ಮಿಲಿ ತೆಗೆದುಕೊಳ್ಳಿ. ಪಟ್ಟಿಯನ್ನು ಮರಳು ಕಾಗದದಲ್ಲಿ ಉಜ್ಜಿ ಬಿಳಿ ಮಾಡಿ, ಇಲ್ಲದಿದ್ದರೆ ಮೇಲಿನ ಆಕ್ಸೈಡ್ ಪದರ ಮೊದಲ ಕೆಲವು ಸೆಕೆಂಡ್ ತಿನ್ನುತ್ತದೆ. ಪಟ್ಟಿ ಗುಳ್ಳೆಯ ಜೊತೆ ತೇಲಿ ಬರುತ್ತದೆ. ಗಾಜಿನ ಕಡ್ಡಿಯಿಂದ ಒಳಗೆ ಒತ್ತಿ ಹಿಡಿಯಿರಿ, ಒಂದೇ ಸಮ ಕಲಕಿ. ಅದನ್ನು ಕಟ್ಟಿ ಮುಳುಗಿಸಲು ತಾಮ್ರದ ತಂತಿ ಮಾತ್ರ ಬಳಸಬೇಡಿ. ಯಾಕೆ ಅಂತ ಈಗ ನಿಮಗೇ ಗೊತ್ತು.

ಆಮ್ಲ ಬೆರೆಸುವಾಗ ನೀರಿಗೆ ಆಮ್ಲ ಹಾಕಿ, ಆಮ್ಲಕ್ಕೆ ನೀರು ಹಾಕಬೇಡಿ. ಕಿಟಕಿ ತೆಗೆದಿರಲಿ. ಹತ್ತಿರ ಬೆಂಕಿ ಬೇಡ, ಬರುವುದು ಹೈಡ್ರೋಜನ್.

ಆಸಿಡ್ ಟ್ಯಾಂಕ್ ಕೆಲಸದವನು

ಸಾರ್, ತುಂಬಾ ಥ್ಯಾಂಕ್ಸ್. ಹನ್ನೊಂದು ವರ್ಷ ನೋಡಿದ್ದು ಇವತ್ತು ಅರ್ಥ ಆಯಿತು. ನಾಳೆ ಶಿಫ್ಟಿನಲ್ಲಿ ಹುಡುಗರಿಗೆ ಹೇಳುತ್ತೇನೆ.

ಅಡಿಕೆ ತೋಟ, ಚನ್ನಗಿರಿ

ನಾನು ಕೆಮಿಸ್ಟ್ರಿ ಓದಿದವನಲ್ಲ. ಮೇಷ್ಟ್ರು ತಾಮ್ರದ ಮಾತು ತೆಗೆದಿದ್ದಕ್ಕೆ ಬರೆಯುತ್ತಿದ್ದೇನೆ. ಕೊಳೆ ರೋಗಕ್ಕೆ ನಾವು ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಮೈಲುತುತ್ತ, ಸುಣ್ಣ, ನೀರು. ಸುಣ್ಣ ಸಾಕಾಯಿತಾ ಅಂತ ನೋಡಲು ಉಜ್ಜಿದ ಚಾಕುವನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದುತ್ತೇವೆ. ಚಾಕು ಕೆಂಪಾದರೆ ಸುಣ್ಣ ಸಾಲದು ಅಂತ ಲೆಕ್ಕ. ಆ ಕೆಂಪು ತಾಮ್ರ ಅಂತ ನಮ್ಮಪ್ಪ ಹೇಳುತ್ತಿದ್ದರು. ಹಾಗಾದರೆ ಮೈಲುತುತ್ತದ ನೀರು ಹಾಕಿದರೂ ಸತುವಿನ ಮೇಲೆ ತಾಮ್ರ ಕೂರಬೇಕಲ್ಲವಾ? ತಂತಿಯೇ ಬೇಡವೇನೋ.

ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು, ದಾವಣಗೆರೆ

ಸರಿಯಾಗಿ ಹೇಳಿದಿರಿ ಯಜಮಾನರೇ. ಪಾಠದಲ್ಲಿ "ಸತು ಮತ್ತು ಆಮ್ಲಕ್ಕೆ ಕಾಪರ್ ಸಲ್ಫೇಟ್ ವೇಗವರ್ಧಕ" ಅಂತ ಒಂದು ಸಾಲು ಬರುತ್ತದೆ. ಕಾಪರ್ ಸಲ್ಫೇಟ್ ಅಂದರೆ ನಿಮ್ಮ ಮೈಲುತುತ್ತವೇ. ಅದರ ಒಳಗುಟ್ಟು ನಿಮ್ಮ ಚಾಕುವಿನಲ್ಲೇ ಇದೆ. ಸತು ತಾಮ್ರವನ್ನು ದ್ರಾವಣದಿಂದ ಹೊರಗೆ ತಳ್ಳುತ್ತದೆ, ತಾಮ್ರ ಸತುವಿನ ಮೈ ಮೇಲೆ ಅಲ್ಲಲ್ಲಿ ಕೂರುತ್ತದೆ. ಕೆಲಸ ಮಾಡುವುದು ಆ ತಾಮ್ರ.

ಮೇಡಂ, ಇದನ್ನು ಮಾಡುವುದಾದರೆ ಹನಿ ಲೆಕ್ಕದಲ್ಲಿ ಹಾಕಿ. ಒಂದರಲ್ಲಿ ಬೇಕಂತಲೇ ಜಾಸ್ತಿ ಹಾಕಿ ನೋಡಿ. ಮೈಲುತುತ್ತ ವಿಷ, ಮಕ್ಕಳು ಕೈ ತೊಳೆಯಲಿ.

ದುರ್ಗದ ವಿಜ್ಞಾನ ಟೀಚರ್

ಎಲ್ಲರಿಗೂ ಮನಸಾರೆ ಧನ್ಯವಾದ. ಇವತ್ತು ಶನಿವಾರ. ಬೆಳಗ್ಗೆ ಎರಡು ಪೀರಿಯಡ್ ಕೂಡಿಸಿಕೊಂಡು ಎಲ್ಲವನ್ನೂ ಮಾಡಿದೆವು. ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ, ಮನೆಗೆ ಹೋಗುವವರೆಗೆ ತಡೆಯಲು ಆಗಲಿಲ್ಲ.

ಮೊದಲು ಮೆಗ್ನೀಸಿಯಂ. ಬೀಕರ್‌ನಲ್ಲಿ 50 ಮಿಲಿ, ಪಟ್ಟಿ ಉಜ್ಜಿ, ಕಲಕುತ್ತಾ. 0.5 ಮೋಲಾರ್‌ಗೆ 120 ಸೆಕೆಂಡ್, 1 ಮೋಲಾರ್‌ಗೆ 54, 2 ಮೋಲಾರ್‌ಗೆ 23. ಎರಡು ಪಟ್ಟಿನ ಹತ್ತಿರ ಬಂದಿದೆ ಸರ್. ಥರ್ಮಾಮೀಟರ್ ಎರಡು ಡಿಗ್ರಿ ಕೂಡ ಏರಲಿಲ್ಲ. ಆಮೇಲೆ ಹಳೆಯ ಥರ 5 ಮಿಲಿ ಪ್ರಣಾಳವನ್ನು ಮಕ್ಕಳ ಕೈಗೆ ಹೊರಗಿನಿಂದ ಮುಟ್ಟಲು ಕೊಟ್ಟೆ. "ಅಯ್ಯೋ ಬಿಸಿ!" ಅಂದರು. ಇಷ್ಟು ವರ್ಷ ಆ ಪ್ರಣಾಳವನ್ನು ಸ್ಟ್ಯಾಂಡಿಗೆ ಹಾಕಿಯೇ ತೋರಿಸುತ್ತಿದ್ದೆವು, ಮುಟ್ಟಿ ನೋಡಿರಲಿಲ್ಲ.

ಆಮೇಲೆ ತಂತಿ. ಒಬ್ಬ ಹುಡುಗ ಹಳೆಯ ವೈರ್ ಸುಲಿದು ತಂದಿದ್ದ. ಅವನ ತಾತ ಇಂಗಳದಾಳ್ ತಾಮ್ರದ ಗಣಿಯಲ್ಲಿ ಕೆಲಸ ಮಾಡಿದವರು, ಹಾಗಾಗಿ ತಾಮ್ರ ತರುವುದು ತನ್ನ ಹಕ್ಕು ಅಂತ ಅವನ ವಾದ. ತಂತಿಯನ್ನು ಬರೀ ಆಮ್ಲದಲ್ಲಿ ಇಳಿಸಿದೆವು. ಏನೂ ಇಲ್ಲ. "ತಾಮ್ರ ಸಾರರಿಕ್ತ ಆಮ್ಲದ ಜೊತೆ ಸೇರಲ್ಲ ಮೇಡಂ, ಪುಸ್ತಕದಲ್ಲೇ ಇದೆ" ಅಂದರು. ಸರಿ, ಈಗ ಸತುವಿಗೆ ಮುಟ್ಟಿಸು ಅಂದೆ.

ಮುಟ್ಟಿಸಿದ. ತಂತಿಯ ಮೈ ತುಂಬಾ ಗುಳ್ಳೆ! ಸತುವಿನ ಮೇಲೆ ಅಲ್ಲ, ತಾಮ್ರದ ಮೇಲೆ. ತಂತಿ ಎತ್ತಿದರೆ ನಿಲ್ಲುತ್ತದೆ, ಮುಟ್ಟಿಸಿದರೆ ಶುರು. ಒಂದು ನಿಮಿಷ ಇಡೀ ಕ್ಲಾಸು ಉಸಿರು ಬಿಡಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. "ತಾಮ್ರ ಕರಗ್ತಾ ಇದೆ" ಅಂತ ಅರ್ಧ ಜನ. "ಇಲ್ಲ, ಕರಗೋದು ಸತುವೇ" ಅಂತ ಇನ್ನರ್ಧ ಜನ. ನಾನು ಉತ್ತರ ಹೇಳಲಿಲ್ಲ. ತೂಗಿ ನೋಡೋಣ ಅಂದೆ. ತಂತಿ ಸತುವಿಗೆ ತಾಗಿಯೇ ಇರುವ ಹಾಗೆ ಸಿಕ್ಕಿಸಿಟ್ಟು, ಊಟದ ಬಿಡುವಿನ ನಂತರ ಎರಡನ್ನೂ ತೊಳೆದು ಒರೆಸಿ ತೂಗಿದೆವು. ನಮ್ಮ ತಕ್ಕಡಿಯಲ್ಲಿ ತಾಮ್ರದ ತೂಕ ಇದ್ದ ಹಾಗೇ ಇತ್ತು. ಸತು ಕಡಿಮೆಯಾಗಿತ್ತು.

ಕೊನೆಗೆ ಮೈಲುತುತ್ತ. ನಮ್ಮ ಮಕ್ಕಳಲ್ಲಿ ಹೊಳಲ್ಕೆರೆ ಕಡೆಯಿಂದ ಬರುವ ಇಬ್ಬರ ಮನೆಯಲ್ಲಿ ಅಡಿಕೆ ಇದೆ. ಚಾಕುವಿನ ಪರೀಕ್ಷೆ ಅವರಿಗೆ ಮೊದಲೇ ಗೊತ್ತಿತ್ತು! ಅವರೇ ಮುಂದೆ ಬಂದು ಉಳಿದವರಿಗೆ ಹೇಳಿದರು. ನಾಲ್ಕು ಬೀಕರ್, ನಾಲ್ಕರಲ್ಲೂ ಅದೇ ಹೊಸ ಹೊಳೆಯುವ ಸತು. ಒಂದಕ್ಕೆ ಏನೂ ಇಲ್ಲ, ಒಂದಕ್ಕೆ ಎರಡು ಹನಿ, ಒಂದಕ್ಕೆ ಹತ್ತು ಹನಿ, ಕೊನೆಯದಕ್ಕೆ ಸರ್ ಹೇಳಿದ ಹಾಗೆ ಬೇಕಂತಲೇ ಜಾಸ್ತಿ. ಎರಡು ಹನಿಗೇ ಸತು ಕಪ್ಪಾಗಿ ಗುಳ್ಳೆ ಏಳಲು ಶುರುವಾಯಿತು. ಹತ್ತು ಹನಿಯದು ನಮ್ಮ ಹಳೆ ಡಬ್ಬಿಯ ಸತುವನ್ನೂ ಮೀರಿಸಿತು. ಜಾಸ್ತಿ ಹಾಕಿದ್ದು ಮಾತ್ರ ಕಂದು ಕೆಸರಿನಂಥ ತಾಮ್ರ ಹೊದ್ದುಕೊಂಡು ಮಂಕಾಯಿತು.

ಅದಕ್ಕೆ ಕಾರಣ ಹೇಳಿದ್ದು ಮೂರನೇ ಸಾಲಿನ ಅದೇ ಹುಡುಗಿ. "ಮೈಯೆಲ್ಲಾ ಮುಚ್ಚಿಬಿಟ್ರೆ ಸತುವಿಗೆ ಆಸಿಡ್ ಹೇಗೆ ಸಿಗುತ್ತೆ ಮೇಡಂ? ಗ್ರೀಸ್ ಹಚ್ಚಿದ ಮೊಳೆ ಥರ ಆಯ್ತು." ಹರಿಹರದ ಅಣ್ಣ ಬರೆದಿದ್ದನ್ನು ಗುರುವಾರ ಕ್ಲಾಸಿನಲ್ಲಿ ಓದಿ ಹೇಳಿದ್ದೆ. ಅದನ್ನು ನೆನಪಿಟ್ಟುಕೊಂಡಿದ್ದಾಳೆ.

ಸರ್, ಒಂದು ಪ್ರಶ್ನೆ ಉಳಿದಿದೆ. ಮನೆಯ ಹಳೆ ಅಲ್ಯುಮಿನಿಯಂ ಪಾತ್ರೆಯ ಚೂರು ಒಬ್ಬ ತಂದಿದ್ದ. ಕ್ರಿಯಾಶೀಲತೆಯ ಪಟ್ಟಿಯಲ್ಲಿ ಅದು ಸತುವಿಗಿಂತ ಮೇಲಿದೆ. ಆದರೆ ಸಲ್ಫ್ಯೂರಿಕ್ ಆಮ್ಲದಲ್ಲಿ ಹಾಕಿದರೆ ಗಂಟೆ ಬಾರಿಸುವವರೆಗೂ ಒಂದು ಗುಳ್ಳೆ ಬರಲಿಲ್ಲ. ಇದೂ ಮೈಯ ವಿಷಯವೇ ಅಲ್ವಾ?

ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು, ದಾವಣಗೆರೆ

ಮೈಯ ವಿಷಯವೇ ಮೇಡಂ. ಅಲ್ಯುಮಿನಿಯಂ ಗಾಳಿಗೆ ಒಡ್ಡಿದ ಕೂಡಲೇ ಗಟ್ಟಿಯಾದ ಆಕ್ಸೈಡ್ ಹೊದಿಕೆ ಹೊದ್ದುಕೊಳ್ಳುತ್ತದೆ. ಉಜ್ಜಿದರೂ ಮತ್ತೆ ಬರುತ್ತದೆ. ಸಲ್ಫ್ಯೂರಿಕ್ ಬದಲು ಹೈಡ್ರೋಕ್ಲೋರಿಕ್ ಆಮ್ಲ 2 ಮೋಲಾರ್ ತೆಗೆದುಕೊಳ್ಳಿ. ಕ್ಲೋರೈಡ್ ಅಯಾನುಗಳು ಆ ಹೊದಿಕೆಯನ್ನು ಅಲ್ಲಲ್ಲಿ ಒಡೆಯುತ್ತವೆ. ಆದರೆ ತಾಳ್ಮೆ ಬೇಕು. ಮೊದಲ ಕೆಲವು ನಿಮಿಷ ಏನೂ ಕಾಣುವುದಿಲ್ಲ. ಆಮೇಲೆ ಮೆಲ್ಲಗೆ ಶುರುವಾಗಿ, ಬಿಸಿಯಾಗುತ್ತಾ ಹೋಗಿ, ಒಮ್ಮೆಲೇ ಉಕ್ಕುತ್ತದೆ. ಹಾಗಾಗಿ ದೊಡ್ಡ ಬೀಕರ್, ಚಿಕ್ಕ ಚೂರು. ಮುಖ ಹತ್ತಿರ ತರಬಾರದು ಅಂತ ಆ ಮೂರನೇ ಸಾಲಿನ ಹುಡುಗಿಗೆ ವಿಶೇಷವಾಗಿ ಹೇಳಿ. ಅವಳು ಖಂಡಿತ ಬಗ್ಗಿ ನೋಡುತ್ತಾಳೆ.